ಕಾರ್ಬೋರೇಟರ್ ಕಿಟ್ ಹಾಕಿದ ಮೇಲೂ ಹಳೇ ಚೈನ್‌ಸಾ ಐಡ್ಲಿಂಗ್‌ನಲ್ಲಿ ನಿಲ್ಲುತ್ತಿಲ್ಲ. ಯಾವ ಸ್ಕ್ರೂ ಎಷ್ಟು ತಿರುಗಿಸಬೇಕು?

ಸದ್ಯಕ್ಕೆ ಯಾವುದನ್ನೂ ತಿರುಗಿಸಬೇಡಿ.

ನಿಮ್ಮ ಹೊಸಕೋಟೆ ತೋಟದ ಹಳೇ ಮೆಷಿನ್, ಹೊಸ ಕಿಟ್ (ಕಾರ್ಬೋರೇಟರ್ ಒಳಗಿನ ರಬ್ಬರ್, ಪ್ಯಾಕಿಂಗ್ ಸೆಟ್), ಸ್ಟಾರ್ಟ್ ಏನೋ ಆಗುತ್ತೆ, ಆದ್ರೆ ಆಕ್ಸಿಲರೇಟರ್ ಬಿಟ್ಟ ತಕ್ಷಣ ಆಫ್. ಐಡಲ್ ಸ್ಕ್ರೂ ಏರಿಸಿದರೆ ಚೈನ್ ತಾನಾಗೇ ಓಡುತ್ತೆ. ಈ ಪಾಡು ನನಗೆ ಹೊಸದಲ್ಲ, ಅದಕ್ಕೇ ಹೇಳ್ತಿದ್ದೀನಿ: ನಿಮ್ಮ ಪ್ರಶ್ನೆಯೇ ತಪ್ಪು ಜಾಗದಲ್ಲಿದೆ. ಕಿಟ್ ಹಾಕೋ ಮುಂಚೆ ಇಲ್ಲದ ತೊಂದರೆ ಕಿಟ್ ಹಾಕಿದ ಮೇಲೆ ಬಂದಿದ್ದರೆ ಅದು ಕಾರ್ಬೋರೇಟರ್ ಒಳಗಿದೆ. ಮುಂಚೆಯೂ ಹೀಗೇ ಇದ್ದಿದ್ದರೆ ಎಲ್ಲೋ ಗಾಳಿ ಎಳೀತಿದೆ. ಎರಡಕ್ಕೂ ಸ್ಕ್ರೂ ಮದ್ದಲ್ಲ.

ಎಲ್‌ಎ ಅಂತ ಬರೆದಿರೋ ಐಡಲ್ ಸ್ಕ್ರೂ (ಕೆಲವು ಕಂಪನಿಯವರು ಟಿ ಅಂತ ಹಾಕಿರ್ತಾರೆ) ಪೆಟ್ರೋಲನ್ನು ಹೆಚ್ಚೂ ಮಾಡಲ್ಲ, ಕಮ್ಮಿಯೂ ಮಾಡಲ್ಲ. ಅದು ಥ್ರಾಟಲ್ ತಟ್ಟೆಯನ್ನು (ಗಾಳಿಯ ದಾರಿ ತೆರೆದು ಮುಚ್ಚೋ ಬಿಲ್ಲೆ) ಸ್ವಲ್ಪ ತೆರೆದು ಹಿಡಿಯುತ್ತೆ, ಅಷ್ಟೇ. ತಟ್ಟೆಯ ಅಂಚಿನ ಹತ್ತಿರ ಗೋಡೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ಎರಡು ಮೂರು ತೂತು ಇವೆ. ಐಡ್ಲಿಂಗ್‌ನಲ್ಲಿ ಅದರಲ್ಲಿ ಒಂದೇ ತೂತಿನಿಂದ ಪೆಟ್ರೋಲ್ ಬರಬೇಕು, ಉಳಿದವು ರೇಸ್ ಕೊಟ್ಟಾಗ ತೆರೆದುಕೊಳ್ಳೋಕೆ ಇರೋದು. ಎಲ್‌ಎ ಜಾಸ್ತಿ ಒಳಗೆ ಹಾಕಿದರೆ ತಟ್ಟೆ ಆ ತೂತುಗಳನ್ನು ದಾಟಿಬಿಡುತ್ತೆ. ಆಗ ಮೆಷಿನ್ ನಿಲ್ಲದೆ ಓಡುತ್ತೆ, ಆದರೆ ಅದು ಐಡ್ಲಿಂಗ್ ಅಲ್ಲ, ಅರೆ ರೇಸ್. ಕ್ಲಚ್ ಹಿಡೀತು, ಚೈನ್ ಓಡಿತು. ಆ ಸ್ಥಿತಿಯಲ್ಲಿ ಐಡ್ಲಿಂಗ್ ಪೆಟ್ರೋಲ್ ಹದ ಮಾಡೋ ಎಲ್ ಸ್ಕ್ರೂ ಎಷ್ಟು ತಿರುಗಿಸಿದರೂ ಫರಕ್ಕೇ ಗೊತ್ತಾಗಲ್ಲ, ನೀವು ಕಾರ್ಬೋರೇಟರ್ ಕೆಟ್ಟಿದೆ ಅಂತ ಬಿಸಾಡೋಕೆ ಹೊರಡ್ತೀರಿ.

ಹಾಗಾದರೆ ಎಲ್ಲಿ ನೋಡಬೇಕು? ಮೀಟರಿಂಗ್ ಲಿವರ್. ಹತ್ತರಲ್ಲಿ ಎಂಟು ಜನ ಎಡವೋದು ಇಲ್ಲೇ, ಅದಕ್ಕೆ ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ನಾಲ್ಕು ಸ್ಕ್ರೂ, ಕೆಲವದರಲ್ಲಿ ಒಂದೇ ಸ್ಕ್ರೂ ಇರೋ ಮುಚ್ಚಳ ತೆಗೆದರೆ ಡಯಾಫ್ರಾಮ್ (ತೆಳು ರಬ್ಬರ್ ಪೊರೆ), ಅದರಡಿ ಉಗುರಿನಷ್ಟು ಉದ್ದದ ಲಿವರ್. ಲಿವರ್‌ನ ಒಂದು ತುದಿ ಡಯಾಫ್ರಾಮಿನ ನಡುವಿನ ಗುಂಡಿಯ ಕೆಳಗೆ, ಇನ್ನೊಂದು ತುದಿಯ ಕವಲಿನಲ್ಲಿ ಪೆಟ್ರೋಲ್ ದಾರಿ ಮುಚ್ಚೋ ನೀಡಲ್ ಸಿಕ್ಕಿಕೊಂಡಿರುತ್ತೆ. ಸ್ಪ್ರಿಂಗ್ ಲಿವರನ್ನು ಮೇಲಕ್ಕೆ ತಳ್ಳಿ ನೀಡಲನ್ನು ಮುಚ್ಚಿ ಹಿಡಿದಿರುತ್ತೆ. ಎಂಜಿನ್ ಪೆಟ್ರೋಲ್ ಎಳೆದಾಗ ಡಯಾಫ್ರಾಮ್ ಒಳಕ್ಕೆ ಬಂದು ಲಿವರ್ ಒತ್ತುತ್ತೆ, ನೀಡಲ್ ಎದ್ದು ಪೆಟ್ರೋಲ್ ಬಿಡುತ್ತೆ. ಫ್ಲೋಟ್ ಇಲ್ಲದ ಕಾರ್ಬೋರೇಟರ್‌ನಲ್ಲಿ ಅಳತೆ ಅನ್ನೋದೇನಿದ್ರೂ ಈ ಲಿವರ್ ಎತ್ತರವೇ.

ಕಿಟ್‌ನಲ್ಲಿ ಬರೋ ಹೊಸ ಲಿವರ್ ಸರಿಯಾದ ಎತ್ತರಕ್ಕೆ ಬಗ್ಗಿಸಿ ಬಂದಿರುತ್ತೆ ಅಂತ ನಂಬಬೇಡಿ. ವಾಲ್ಬ್ರೋ ಕಂಪನಿಯ ಡಬ್ಲ್ಯೂಟಿ ಸರಣಿ ಕಾರ್ಬೋರೇಟರಿನಲ್ಲಿ ಲಿವರ್ ತುದಿ, ಪ್ಯಾಕಿಂಗ್ ಕೂರುವ ಅಂಚಿಗಿಂತ ಸುಮಾರು 1.65 ಮಿ.ಮೀ. ಕೆಳಗಿರಬೇಕು. ಜಾಮಾ ಕಂಪನಿಯದರಲ್ಲಿ ಹೆಚ್ಚಾಗಿ ಚೇಂಬರಿನ ತಳಕ್ಕೆ ಸಮ. ವಾಲ್ಬ್ರೋದಲ್ಲಿ ಅಳೆಯೋಕೆ ಗೇಜ್ ಬೇಕಿಲ್ಲ. ಪ್ಯಾಕಿಂಗ್ ತೆಗೆದು ಅಂಚಿನ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು, ಸ್ಕೇಲಿಗೂ ಲಿವರಿಗೂ ನಡುವೆ 1.6 ಮಿ.ಮೀ. ಡ್ರಿಲ್ ಬಿಟ್‌ನ ನುಣುಪು ಭಾಗ ತೂರಿಸಿ. ಸವರಿಕೊಂಡು ಹೋದರೆ ಸರಿ. ಲಿವರನ್ನು ಕದಲಿಸಿದರೆ ಎತ್ತರ ಜಾಸ್ತಿ.

ಎತ್ತರ ಜಾಸ್ತಿ ಆದರೆ ಡಯಾಫ್ರಾಮ್ ಸುಮ್ಮನಿದ್ದಾಗಲೂ ಲಿವರನ್ನು ಒತ್ತಿಯೇ ಇರುತ್ತೆ, ನೀಡಲ್ ಪೂರ್ತಿ ಮುಚ್ಚಲ್ಲ. ಸ್ಟಾರ್ಟ್ ಆಗಿ ಅರ್ಧ ನಿಮಿಷ ನಿಂತು, ಹೊಗೆ ಬಿಟ್ಟು, ಉಸಿರುಗಟ್ಟಿ ಸಾಯುತ್ತೆ. ಪ್ಲಗ್ ಬಿಚ್ಚಿದರೆ ಒದ್ದೆ. ಕಮ್ಮಿ ಆದರೆ ಪೆಟ್ರೋಲ್ ತಡವಾಗಿ ಬರುತ್ತೆ: ರೇಸ್ ಕೊಟ್ಟಾಗ ಮುಗ್ಗರಿಸುತ್ತೆ, ಬಿಟ್ಟಾಗ ಆಫ್. ನಿಮ್ಮದು ಎರಡನೇ ಜಾತಿ ಅನ್ನಿಸುತ್ತೆ, ಆದರೂ ಒಮ್ಮೆ ಪ್ಲಗ್ ನೋಡಿ.

ಬಗ್ಗಿಸುವಾಗ ನೀಡಲ್ ಹೊರಗೆ ತೆಗೆದಿಟ್ಟು, ಲಿವರನ್ನು ನೋಸ್ ಪ್ಲೈಯರ್‌ನಲ್ಲಿ ಹಿಡಿದು ಕೂದಲೆಳೆಯಷ್ಟು ಬಗ್ಗಿಸಿ. ಕೂತ ಜಾಗದಲ್ಲೇ ಒತ್ತಿ ಬಗ್ಗಿಸಿದರೆ ನೀಡಲ್‌ನ ರಬ್ಬರ್ ಮೊನೆಯಲ್ಲಿ ಬಳೆಯಂತೆ ಗುರುತು ಬೀಳುತ್ತೆ, ಆಮೇಲೆ ಅದು ಜನ್ಮದಲ್ಲಿ ಸೀಲ್ ಆಗಲ್ಲ. ಸ್ಪ್ರಿಂಗನ್ನು ಎಳೆಯೋದು, ಕತ್ತರಿಸೋದು ಬೇಡವೇ ಬೇಡ. ಲಿವರ್ ಅಡಿಯ ಸಣ್ಣ ಉಬ್ಬಿನ ಮೇಲೆ ಅದು ಕೂತಿದೆಯಾ ಅಷ್ಟು ನೋಡಿ, ಪಕ್ಕಕ್ಕೆ ಜಾರಿರೋದು ಬಹಳ ಸಲ ಕಾಣಿಸುತ್ತೆ.

ಪ್ಯಾಕಿಂಗ್ ಕ್ರಮವೂ ಇದೇ ಎತ್ತರದ ಲೆಕ್ಕಕ್ಕೆ ಸೇರಿದ್ದು. ಮೀಟರಿಂಗ್ ಕಡೆ ಮೊದಲು ಪ್ಯಾಕಿಂಗ್, ಅದರ ಮೇಲೆ ಡಯಾಫ್ರಾಮ್, ಆಮೇಲೆ ಮುಚ್ಚಳ. ಇನ್ನೊಂದು ಮಗ್ಗುಲಲ್ಲಿ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯೋ ಪಂಪ್ ಕಡೆ ಉಲ್ಟಾ: ಮೊದಲು ಡಯಾಫ್ರಾಮ್, ಮೇಲೆ ಪ್ಯಾಕಿಂಗ್. ಮೀಟರಿಂಗ್ ಕಡೆ ಅದಲುಬದಲಾದರೆ ಡಯಾಫ್ರಾಮ್ ಒಂದು ಪ್ಯಾಕಿಂಗ್ ದಪ್ಪದಷ್ಟು ಕೆಳಗಿಳಿದು ಲಿವರ್ ಮೇಲೆ ಕೂರುತ್ತೆ. ಲಿವರ್ ಸರಿ ಇದ್ದೂ ಫ್ಲಡ್, ಅಂದರೆ ಪೆಟ್ರೋಲ್ ಜಾಸ್ತಿ ನುಗ್ಗುತ್ತೆ. ಕಿಟ್ ತರುವಾಗ ಮೆಷಿನ್ ಹೆಸರು ಹೇಳಿ ತರಬೇಡಿ, ಕಾರ್ಬೋರೇಟರ್ ಮೈಮೇಲೆ ಕೊರೆದಿರೋ ನಂಬರ್ ಹೇಳಿ. ಒಂದೇ ಮಾಡೆಲ್‌ಗೆ ವಾಲ್ಬ್ರೋನೂ ಬಂದಿರುತ್ತೆ, ಜಾಮಾನೂ ಬಂದಿರುತ್ತೆ. ಹೊಸ ಪ್ಯಾಕಿಂಗನ್ನು ಹಳೇದರ ಮೇಲಿಟ್ಟು ತೂತು ತೂತಿಗೆ ಹೊಂದುತ್ತಾ ನೋಡಿಯೇ ಹಾಕಿ.

ತೂತು ಕ್ಲೀನ್ ಮಾಡೋಕೆ ಗುಂಡುಸೂಜಿ, ತಂತಿ ಹಾಕಿದ್ದೀರಾ? ಐಡಲ್ ತೂತು ಒಂಚೂರು ಹಿಗ್ಗಿದರೂ ಮತ್ತೆ ಟ್ಯೂನ್ ಆಗೋದು ಕಷ್ಟ. ಕಾರ್ಬ್ ಕ್ಲೀನರ್ ಸ್ಪ್ರೇ ಮತ್ತು ಹದವಾದ ಗಾಳಿ, ಅಷ್ಟೇ ಸಾಕು. ಅದೂ ಡಯಾಫ್ರಾಮ್ ಎಲ್ಲ ಬಿಚ್ಚಿಟ್ಟ ಮೇಲೆ. ಮೇನ್ ನಾಜಲ್‌ನಲ್ಲಿ (ರೇಸ್ ಕೊಟ್ಟಾಗ ಪೆಟ್ರೋಲ್ ಬಿಡೋ ಬಾಯಿ) ಒಂದು ಚೆಕ್ ವಾಲ್ವ್, ಅಂದರೆ ಒಂದೇ ದಿಕ್ಕಿಗೆ ಬಿಡೋ ಕವಾಟ ಇರುತ್ತೆ, ಜೋರಾಗಿ ಕಂಪ್ರೆಸರ್ ಗಾಳಿ ಬಿಟ್ಟರೆ ಅದು ಹಾಳಾಗುತ್ತೆ. ಅದು ಲೀಕ್ ಆದರೆ ಐಡ್ಲಿಂಗ್‌ನಲ್ಲಿ ಮೇನ್ ನಾಜಲ್‌ನಿಂದ ಹಿಂದಕ್ಕೆ ಗಾಳಿ ನುಗ್ಗಿ ಐಡಲ್‌ಗೆ ಪೆಟ್ರೋಲ್ ಸಾಲದೆ ಹೋಗುತ್ತೆ. ಲಿವರ್ ಸರಿ, ಎಲ್ಲೂ ಲೀಕ್ ಇಲ್ಲ, ಆದ್ರೂ ಎಲ್ ಸ್ಕ್ರೂಗೆ ಮೆಷಿನ್ ಬಗ್ಗಲ್ಲ ಅಂದರೆ ಇದರ ಮೇಲೆ ಅನುಮಾನ ಪಡಿ.

ಕಾರ್ಬೋರೇಟರ್ ಹಾಕೋ ಮುಂಚೆ ಒಂದು ಪರೀಕ್ಷೆ. ಮೂಲೆಯಲ್ಲಿ ಬಿದ್ದಿರೋ ಹಳೇ ಬಿಪಿ ನೋಡೋ ಯಂತ್ರದ ರಬ್ಬರ್ ಬುಗ್ಗೆ ಮತ್ತು ಒತ್ತಡ ತೋರಿಸೋ ಗಡಿಯಾರ ತಗೊಂಡು, ಅದರ ನಳಿಕೆಯನ್ನು ಪೆಟ್ರೋಲ್ ಒಳಬರೋ ತುದಿಗೆ ಸಿಕ್ಕಿಸಿ. 250ರವರೆಗೆ ಗಾಳಿ ತುಂಬಿ, ಮುಳ್ಳು ನಿಲ್ಲಬೇಕು. ಇಳಿದರೆ ಕಾರ್ಬೋರೇಟರನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ. ಗಂಟಲಿನಿಂದ ಗುಳ್ಳೆ ಬಂದರೆ ನೀಡಲ್ ಲೀಕ್, ಮುಚ್ಚಳದ ಪಕ್ಕದಿಂದ ಬಂದರೆ ಪ್ಯಾಕಿಂಗ್.

ಇನ್ನು ಗಾಳಿ ಎಳೆಯೋ ಜಾಗಗಳು. ಕಾರ್ಬೋರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಬೂಟ್, ಕ್ರ್ಯಾಂಕ್ ಆಯಿಲ್ ಸೀಲ್, ಇಂಪಲ್ಸ್ ಪೈಪ್ (ಎಂಜಿನ್ನಿನ ಒತ್ತಡವನ್ನು ಕಾರ್ಬೋರೇಟರ್ ಪಂಪಿಗೆ ಒಯ್ಯೋದು). ಬೂಟನ್ನು ಬಿಚ್ಚಿ ಬೆರಳಲ್ಲಿ ಮಡಚಿ ನೋಡಿ, ಬಿರುಕು ಮಡಚಿದಾಗ ಮಾತ್ರ ಬಾಯಿ ಬಿಡುತ್ತೆ. ಲಕ್ಷಣ ಸ್ಪಷ್ಟವಾಗಿರುತ್ತೆ: ರೇಸ್ ಬಿಟ್ಟಾಗ ಎಂಜಿನ್ ತಕ್ಷಣ ಇಳಿಯದೆ ಎಳೆದಾಡುತ್ತೆ, ಐಡ್ಲಿಂಗ್ ಏರಿಳಿಯುತ್ತೆ, ಮೆಷಿನ್ ಮಗ್ಗುಲು ತಿರುಗಿಸಿದರೆ ಶಬ್ದ ಬದಲಾಗುತ್ತೆ. ಖಾತ್ರಿಗೆ ಸೈಲೆನ್ಸರ್ ಬಿಚ್ಚಿ ಅದರ ಜಾಗದಲ್ಲೂ ಕಾರ್ಬೋರೇಟರ್ ಜಾಗದಲ್ಲೂ ಹಳೇ ಟ್ಯೂಬಿನ ತುಂಡು ಕೊಟ್ಟು ಬಿಗಿದು, ಪಿಸ್ಟನ್ ಕೆಳಗಿಳಿಸಿ, ಪ್ಲಗ್ ತೂತಿನಿಂದ ಅದೇ ಬಿಪಿ ಬುಗ್ಗೆಯಲ್ಲಿ 300ರವರೆಗೆ ತುಂಬಿ ಸೋಪ್ ನೀರು ಚಿಮುಕಿಸಿ. ಸರ್ವಿಸ್ ಸೆಂಟರ್‌ನಲ್ಲಿ ಇದನ್ನೇ 0.5 ಬಾರ್ ಒತ್ತಡದಲ್ಲಿ, ಜೊತೆಗೆ ವ್ಯಾಕ್ಯೂಮ್‌ನಲ್ಲೂ ಮಾಡ್ತಾರೆ. ಒತ್ತಡಕ್ಕೆ ನಿಂತ ಆಯಿಲ್ ಸೀಲ್ ವ್ಯಾಕ್ಯೂಮ್‌ಗೆ ಬಿಟ್ಟುಕೊಡೋದುಂಟು, ಹಾಗಾಗಿ ಅನುಮಾನ ಉಳಿದರೆ ಅಲ್ಲಿಗೇ ಒಯ್ಯಿರಿ. ಲೀಕ್ ಇಟ್ಟುಕೊಂಡು ಟ್ಯೂನ್ ಮಾಡಿ ನೀಲಗಿರಿ ಕುಯ್ಯೋಕೆ ಹೋದರೆ ಪಿಸ್ಟನ್ ಹಿಡ್ಕೊಳ್ಳುತ್ತೆ.

ಕೆಲವು ನಿಮಿಷ ಚೆನ್ನಾಗಿ ಓಡಿ ಆಫ್ ಆದರೆ ಟ್ಯಾಂಕ್ ಮುಚ್ಚಳ ಸಡಿಲಿಸಿ. ಸರಿಹೋದರೆ ಟ್ಯಾಂಕಿಗೆ ಗಾಳಿ ಹೋಗೋ ವೆಂಟ್ ಕಟ್ಟಿದೆ, ಬೇರೇನೂ ಬಿಚ್ಚಬೇಡಿ.

ಈಗ ಸ್ಕ್ರೂಡ್ರೈವರ್ ಎತ್ತಿಕೊಳ್ಳಿ. ಏರ್ ಫಿಲ್ಟರ್ ಕ್ಲೀನ್, ಬಾರ್ ಮತ್ತು ಚೈನ್ ಹಾಕಿರಬೇಕು, ಜಾಗ ಬಯಲಾಗಿರಬೇಕು. ಎಲ್ ಮತ್ತು ಎಚ್ (ಪೂರ್ತಿ ರೇಸ್‌ಗೆ ಪೆಟ್ರೋಲ್ ಹದ ಮಾಡೋದು) ಎರಡನ್ನೂ ಹಗುರವಾಗಿ ಕೂರೋವರೆಗೆ ಬಲಕ್ಕೆ, ಅಲ್ಲಿಂದ ಒಂದು ಸುತ್ತು ಹೊರಗೆ. ಇದು ಹಳೇ ಕಾರ್ಬೋರೇಟರಿಗೆ, ಹೊಸ ಕೆಲವಕ್ಕೆ ಎಚ್ ಇರೋದೇ ಇಲ್ಲ. ಐದು ನಿಮಿಷ ಓಡಿಸಿ ಬಿಸಿ ಮಾಡಿ. ಎಲ್ ಅನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿ, ವೇಗ ಏರಿ ಆಮೇಲೆ ಇಳಿಯುತ್ತೆ. ಎಡಕ್ಕೆ ತಂದರೆ ಮತ್ತೆ ಏರಿ ತೊದಲುತ್ತೆ. ಅತಿ ಹೆಚ್ಚು ವೇಗ ಸಿಕ್ಕಿದ ಜಾಗ ಹಿಡಿದು, ಅಲ್ಲಿಂದ ಕಾಲು ಸುತ್ತಿನೊಳಗೆ ಎಡಕ್ಕೆ. ರೇಸ್ ಕೊಟ್ಟಾಗ ತಡವರಿಸದೆ ಏಳಬೇಕು. ಎಲ್‌ಎ ಕೊನೆಗೆ: ಚೈನ್ ಅಲುಗಾಡೋ ತನಕ ಏರಿಸಿ, ಅಲ್ಲಿಂದ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಇಳಿಸಿ. ಟ್ಯಾಕೋಮೀಟರ್ ಇದ್ದರೆ ಬಹುಪಾಲು ಮೆಷಿನ್‌ಗಳಿಗೆ 2800 ಆರ್‌ಪಿಎಂ ಆಸುಪಾಸು. ಚೈನ್ ಬ್ರೇಕ್ ಹಾಕಿಕೊಂಡು ರೇಸ್ ಮಾಡಬೇಡಿ, ಕ್ಲಚ್ ಸುಟ್ಟುಹೋಗುತ್ತೆ.

ಎಚ್ ಅನ್ನು ಬಿಗಿ ಮಾಡೋ ಆಸೆ ಬೇಡ. ಪೂರ್ತಿ ರೇಸ್‌ನಲ್ಲಿ ಖಾಲಿ ಓಡುವಾಗ ಸ್ವಲ್ಪ ತೊದಲಿ, ಮರಕ್ಕೆ ಇಟ್ಟಾಗ ಸ್ವಚ್ಛವಾಗಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು. ಇಲ್ಲಿ ಸರಿಮಾಡಿದ ಮೆಷಿನನ್ನು ಮಂಗಳೂರಿಗೆ ಒಯ್ದರೆ ಲೀನ್ ಆಗುತ್ತೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲಲ್ಲ), ಅಲ್ಲಿ ಎಚ್ ಸ್ವಲ್ಪ ಎಡಕ್ಕೆ ಬಿಡಲೇಬೇಕು.

ಆನ್‌ಲೈನ್‌ನಲ್ಲಿ ಸಿಗೋ ಅಗ್ಗದ ಕಾರ್ಬೋರೇಟರ್ ಹಾಕಲಾ ಅಂತ ಕೇಳಿದ್ದೀರಿ. ಬೂಟ್ ಒಡೆದಿದ್ದರೆ ಅದೂ ಹೀಗೇ ಆಡುತ್ತೆ. ಮೇಲಿನದೆಲ್ಲ ನೋಡಿ ಆದ ಮೇಲೆ ಬೇಕಾದರೆ ಹಾಕಿ, ನಾನಂತೂ ಹಾಕಲ್ಲ.

ಪೆಟ್ರೋಲ್ ವಿಷಯ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಬಿಡುಗಡೆ ಮಾಡಿದ ಇ20 (ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಈಗ ಬಂಕ್‌ಗಳಲ್ಲಿ ಮಾಮೂಲು. ಎಥೆನಾಲ್ ತೇವ ಹೀರುತ್ತೆ, ಹಳೇ ರಬ್ಬರನ್ನು ಉಬ್ಬಿಸುತ್ತೆ, ಒಣಗಿದಾಗ ಡಯಾಫ್ರಾಮ್ ಗಡುಸಾಗುತ್ತೆ. ಒಳ್ಳೇ 2ಟಿ ಆಯಿಲ್ ಆದರೆ ಲೀಟರಿಗೆ 20 ಮಿ.ಲೀ., ಸಾಧಾರಣ ಆಯಿಲ್ ಆದರೆ 40, ಎರಡು ವಾರಕ್ಕೆ ಬೇಕಾದಷ್ಟೇ ಬೆರೆಸಿ. ಮೆಷಿನ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ಆಫ್ ಆಗೋವರೆಗೆ ಓಡಿಸಿ.

ಇಷ್ಟೆಲ್ಲ ಆಗಿ ಐಡ್ಲಿಂಗ್ ಇಳಿಸಿದರೂ ಚೈನ್ ತಿರುಗುತ್ತಲೇ ಇದ್ದರೆ ಕಾರ್ಬೋರೇಟರ್ ಕಡೆ ಮತ್ತೆ ಹೋಗಬೇಡಿ. ಡ್ರಮ್ ಬಿಚ್ಚಿ ಕ್ಲಚ್ ಸ್ಪ್ರಿಂಗ್ ನೋಡಿ, ಒಂದು ತುಂಡಾಗಿರುತ್ತೆ ಅಥವಾ ಸಡಿಲಾಗಿರುತ್ತೆ. ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿ.