ಬೆಳಗಾವಿಯ ರಸ್ತೆಯಲ್ಲಿ ಓಡಿ ಅಭ್ಯಾಸ, ಕಡಿದಾದ ಬೆಟ್ಟದ ಟ್ರೇಲ್ ರೇಸ್‌ಗೆ ತಯಾರಾಗೋದು ಹೇಗೆ?

ರಸ್ತೆಯಲ್ಲಿ 10 ಕಿಲೋಮೀಟರ್ ಓಡುತ್ತೀರಿ, ಬೆಟ್ಟದ ಕಾಲುದಾರಿಯಲ್ಲಿ ಓಡುವ ಈ ಟ್ರೇಲ್ ರೇಸ್‌ಗೆ ಮೂರು ತಿಂಗಳಿದೆ ಅಂದಿದ್ದೀರಿ. ಸಾಕಷ್ಟು ಟೈಮ್ ಇದೆ. ಮೊದಲು ಕಿಲೋಮೀಟರ್ ಲೆಕ್ಕ ಬಿಡಿ, ಒಟ್ಟು ಎಷ್ಟು ಮೀಟರ್ ಏರು ಇದೆ ಅಂತ ನೋಡಿ.

ಏರಿನಲ್ಲಿ ನಡೆದರೆ ನಾಚಿಕೆ ಏನಿಲ್ಲ. ತೀರಾ ಕಡಿದಾದ ಕಡೆ ಪಳಗಿದವರೂ ತೊಡೆ ಮೇಲೆ ಕೈಯೂರಿ ಬಿರುಸಾಗಿ ನಡೆಯುತ್ತಾರೆ.

ನಿಜವಾದ ಪೆಟ್ಟು ಬೀಳೋದು ಇಳಿಯುವಾಗ. ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು ನೋಡಿ, ಅದಕ್ಕೇ ಅಷ್ಟು ನೋವು. ಯಳ್ಳೂರಿನ ಬೆಟ್ಟದ ಕೋಟೆ ರಾಜಹಂಸಗಡದಿಂದ ಮೊದಲ ಸಲ ಜೋರಾಗಿ ಓಡಿ ಇಳಿದ ಮೇಲೆ ನಾನು ಎರಡು ದಿನ ಗೋಡೆ ಹಿಡಿದೇ ಮೆಟ್ಟಿಲು ಇಳಿದೆ! ಆದರೆ ಒಮ್ಮೆ ಹೀಗೆ ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ಸುಲಭವಾಗಿ ಸೋಲಲ್ಲ. ಹಾಗಾಗಿ ವಾರಕ್ಕೊಮ್ಮೆ ಗಡ ಹತ್ತಿ ಇಳಿಯಿರಿ. ರೇಸ್‌ಗೆ ಎರಡು ವಾರ ಇರುವಾಗ ಜೋರಾಗಿ ಇಳಿಯೋದು ನಿಲ್ಲಿಸಿ. ಸಣ್ಣ ಸಣ್ಣ ಹೆಜ್ಜೆ ಇಡಿ, ಕಣ್ಣು ಕಾಲಿನ ಮೇಲಲ್ಲ, ನಾಲ್ಕೈದು ಹೆಜ್ಜೆ ಮುಂದಿರಲಿ.

ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲು ಸಾಬೂನಿನ ಹಾಗೆ ಜಾರುತ್ತದೆ. ರಸ್ತೆ ಶೂ ಬೇಡ, ಅಡಿಯಲ್ಲಿ ಗುಬಟು ಇರುವ ಟ್ರೇಲ್ ಶೂ ತಗೊಳ್ಳಿ. ಜೇಬಲ್ಲಿ ಬೆಲ್ಲ, ನೀರಿಗೆ ಚಿಟಿಕೆ ಉಪ್ಪು. ನಮ್ಮ ಬೆಳಗಾವಿಯ ಸಿಹಿ ಕುಂದಾ ತಿನ್ನೋದು ಮಾತ್ರ ರೇಸ್ ಮುಗಿದ ಮೇಲೆ.