ಲಗಾಮು ಎಳೆದರೆ ಕುತ್ತಿಗೆ ಬಾಗುತ್ತದೆ, ಕುದುರೆ ಸರಿಯದು

ಪ್ರಶ್ನೆ: ಚಿತ್ರದುರ್ಗದ ಹತ್ತಿರ ನಮ್ಮ ಹೊಲ. 7 ವರ್ಷದ ಹೆಣ್ಣು ಕುದುರೆ ಇದೆ; ನಡಿಗೆ, ಟ್ರಾಟ್ (ನಿಧಾನ ಓಟ) ಎರಡೂ ಹದವಾಗಿವೆ. ಮಗಳು ಡ್ರೆಸ್ಸಾಜ್ (ಸೂಕ್ಷ್ಮ ಸನ್ನೆಗಳಿಂದ ಕುದುರೆಯನ್ನು ನಡೆಸುವ ಸವಾರಿ ಕಲೆ) ಕಲಿಯುತ್ತಿದ್ದಾಳೆ. ಪಕ್ಕಕ್ಕೆ ನಡೆಸಲು ಲಗಾಮು ಎಳೆದರೆ ಕುತ್ತಿಗೆಯಷ್ಟೇ ಬಾಗುತ್ತದೆ. ಕಾಲು ಒತ್ತಿದರೆ ಓಡುತ್ತದೆ. ತಪ್ಪೆಲ್ಲಿ?

ಉತ್ತರ: ಕುದುರೆ ಪಕ್ಕಕ್ಕೆ ಸರಿಯುವುದು ಸವಾರರ ಕಾಲಿನ ಮಾತಿಗೆ, ಲಗಾಮಿನ ಎಳೆತಕ್ಕಲ್ಲ. ಒಂದು ಕಡೆ ಲಗಾಮು ಎಳೆದಾಗ ಆಚೆ ಬದಿಯ ಭುಜ ಹೊರಕ್ಕೆ ಉಬ್ಬಿ ಭಾರವೆಲ್ಲ ಅಲ್ಲಿಗೆ ಬೀಳುತ್ತದೆ. ಹಿಂಗಾಲು ದಾಟಿ ಬರುವುದೇ ಇಲ್ಲ.

ಮೊದಲು ಕೆಳಗೆ ನಿಂತೇ ಕಲಿಸಿ. ಹೊಟ್ಟೆಪಟ್ಟಿಯಿಂದ ನಾಲ್ಕು ಬೆರಳು ಹಿಂದೆ ಬೆರಳಗೆಣ್ಣಿನಿಂದ ಒತ್ತಿ. ಹಿಂಗಾಲು ಒಂದೇ ಹೆಜ್ಜೆ ದಾಟಿದರೂ ಕೂಡಲೇ ಕೈ ತೆಗೆಯಿರಿ. ಒತ್ತಡ ಬಿಟ್ಟದ್ದೇ ಅದಕ್ಕೆ ಶಭಾಷ್. ಎರಡೂ ಬದಿಯಲ್ಲಿ ಐದೈದು ನಿಮಿಷ ಸಾಕು. ಆಮೇಲೆ ಮಗಳು ಕುಳಿತು ಅದೇ ಜಾಗಕ್ಕೆ ಕಾಲಿನಿಂದ ಒತ್ತಲಿ, ಬಿಡಲಿ. ಒತ್ತಿಯೇ ಹಿಡಿದರೆ ಕುದುರೆ ಕಾಲಿಗೇ ಒರಗುತ್ತದೆ, ಇಲ್ಲವೇ ನಿಮ್ಮದರಂತೆ ಓಡುತ್ತದೆ.

ಇದು ಬಂದ ಮೇಲೆ ಲೆಗ್ ಯೀಲ್ಡಿಂಗ್, ಅಂದರೆ ಸವಾರರ ಕಾಲಿನ ಒತ್ತಡಕ್ಕೆ ಕುದುರೆ ಮುಂದೆ ನಡೆಯುತ್ತಲೇ ಪಕ್ಕಕ್ಕೆ ಸರಿಯುವುದು. ಬೇಲಿಯಿಂದ ಎರಡು ಮೂರು ಮೀಟರ್ ಒಳಗೆ ನಡಿಗೆಯಲ್ಲಿ ಬರಲಿ. ನಾಲ್ಕೈದು ಹೆಜ್ಜೆ ನೇರ ನಡೆದ ಮೇಲೆಯೇ ಬೇಲಿಯತ್ತ ಸರಿಸಬೇಕು. ಎಡಕ್ಕೆ ಸರಿಯಬೇಕಿದ್ದರೆ ತಲೆ ತುಸುವೇ ಬಲಕ್ಕೆ. ಬಲಗಣ್ಣಿನ ಅಂಚು ಕಂಡರೆ ಸಾಕು, ಮೈ ನೇರವಿರಲಿ. ಬಲಗಾಲು ಒತ್ತುವ ಹೊತ್ತು ಮುಖ್ಯ: ಬಲ ಹಿಂಗಾಲು ನೆಲ ಬಿಟ್ಟು ಮುಂದೆ ಬರುವಾಗ ಕುದುರೆಯ ಹೊಟ್ಟೆ ಎಡಕ್ಕೆ ತೂಗುತ್ತದೆ, ಸವಾರಳ ಬಲಗಾಲು ತಾನಾಗಿ ಒಳಕ್ಕೆ ಬೀಳುತ್ತದೆ. ಆಗಲೇ ಒತ್ತಬೇಕು. ಆ ಕಾಲು ಊರಿದ ಮೇಲೆ ಒತ್ತಿ ಫಲವಿಲ್ಲ, ಅದರ ಮೇಲೆ ಭಾರವಿರುತ್ತದೆ.

ಭುಜ ಮೊದಲು ಓಡಿ ಹಿಂಭಾಗ ಉಳಿದರೆ ಎಡ ಲಗಾಮಿನ ಮೇಲೆ ಬೆರಳು ಬಿಗಿಹಿಡಿಯಲಿ, ಹಿಂದಕ್ಕೆ ಎಳೆಯುವುದು ಬೇಡ. ಮೂರು ನಾಲ್ಕು ಒಳ್ಳೆಯ ಹೆಜ್ಜೆ ಬಂದೊಡನೆ ನೇರ ಮುಂದಕ್ಕೆ ಬಿಡಿ. ಮಗಳು ಕೆಳಗೆ ನೋಡಿದರೆ ಸೊಂಟ ಒಂದು ಕಡೆ ಕುಸಿಯುತ್ತದೆ. ಎದುರಿನ ಕಂಬ ನೋಡಲಿ.

ಎರೆ ಹೊಲದಲ್ಲಿ ಇದನ್ನು ಮಾಡಲೇಬೇಡಿ. ಬೇಸಿಗೆಯ ಬಿರುಕು, ಮಳೆಗಾಲದ ಅಂಟು ಎರಡೂ ಅಡ್ಡ ದಾಟುವ ಕಾಲನ್ನು ಉಳುಕಿಸುತ್ತವೆ. ಸಮತಟ್ಟಾದ ಮಸಾರಿ ನೆಲ ಆರಿಸಿ. ಗೊರಸು ಇನ್ನೊಂದು ಕಾಲಿಗೆ ತಾಗದಂತೆ ಬ್ರಶಿಂಗ್ ಬೂಟ್ ಕಟ್ಟಿ.

ಪ್ರಶ್ನೆ: ಲೆಗ್ ಯೀಲ್ಡಿಂಗ್ ಆದ ಮೇಲೆ ಶೋಲ್ಡರ್ ಇನ್ ಹೇಗೆ? – ದಾವಣಗೆರೆ ಓದುಗರು

ಉತ್ತರ: ಶೋಲ್ಡರ್ ಇನ್ ಎಂದರೆ ಕುದುರೆಯ ಭುಜವನ್ನು ಬೇಲಿಯಿಂದ ಒಳಕ್ಕೆ ತಂದು ಬೇಲಿಯುದ್ದ ನಡೆಸುವುದು. ಇಲ್ಲಿ ಮೈ ಬಾಗಬೇಕು. 18ನೇ ಶತಮಾನದ ಫ್ರೆಂಚ್ ಸವಾರಿ ಗುರು ಗೆರಿನಿಯೇರ್ ಬೆಳೆಸಿದ ಅಭ್ಯಾಸವಿದು. ಮೂಲೆಯಲ್ಲಿ 10 ಮೀಟರ್ ಸುತ್ತು ಹಾಕಿ. ಎರಡನೇ ಸುತ್ತಿನ ಮೊದಲ ಹೆಜ್ಜೆಯಲ್ಲೇ ಆ ಬಾಗು ಕೆಡದಂತೆ ಬೇಲಿಯುದ್ದ ಹೊರಡಿ. ಮುಂಭಾಗ ಸುಮಾರು 30 ಡಿಗ್ರಿ ಒಳಗಿರುತ್ತದೆ. ಎದುರು ನಿಂತವರಿಗೆ ಮೂರು ಸಾಲು ಕಾಣಬೇಕು: ಹೊರ (ಬೇಲಿ ಕಡೆಯ) ಹಿಂಗಾಲು ಒಂದು, ಒಳ ಹಿಂಗಾಲೂ ಹೊರ ಮುಂಗಾಲೂ ಸೇರಿ ಒಂದು, ಒಳ ಮುಂಗಾಲು ಒಂದು. ಬಾಗು ನಿಜವೋ ಕುತ್ತಿಗೆಯದಷ್ಟೋ ತಿಳಿಯಲು ಒಳ ಲಗಾಮನ್ನು ಎರಡು ಹೆಜ್ಜೆ ಸಡಿಲ ಬಿಡಿ. ಕುದುರೆ ನೆಟ್ಟಗಾಗಿಬಿಟ್ಟರೆ ಮತ್ತೆ ಸುತ್ತಿಗೆ ಮರಳಿ.