ಕ್ಯಾಸೆಟ್ಟಲ್ಲಿರೋ ದನಿ ಯಾರದ್ದು ಅಂತ ಎಲ್ಲಿ ಬರೀಬೇಕು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ನಮಸ್ತೆ ಮೇಡಂ. ನಮ್ಮಜ್ಜಂಗೆ ತಾಳಮದ್ದಲೆ (ವೇಷ, ಕುಣಿತ ಇಲ್ದೆ ಕೂತು ಮಾಡೋ ಯಕ್ಷಗಾನ) ಅಂದ್ರೆ ಜೀವ. ಅವ್ರು ತೀರ್ಕೊಂಡ ಮೇಲೆ ಅಟ್ಟದ ಮೇಲಿದ್ದ ಟ್ರಂಕಲ್ಲಿ ಸುಮಾರು 200 ಪ್ರಸಂಗ ಪುಸ್ತಕ (ಯಕ್ಷಗಾನದ ಕತೆಯ ಪದ್ಯಗಳಿರೋವು), 64 ಕ್ಯಾಸೆಟ್ ಸಿಕ್ತು. ನಾನು, ತಮ್ಮ ಸೇರಿ ಪುಸ್ತಕ ಎಲ್ಲಾ ಸ್ಕ್ಯಾನ್ ಮಾಡಿದ್ವಿ, ಕ್ಯಾಸೆಟ್ಟನ್ನೂ ಕಂಪ್ಯೂಟರಿಗೆ ಇಳಿಸ್ಕೊಂಡ್ವಿ. ಈಗ ನೋಡಿದ್ರೆ ಹಾರ್ಡ್ ಡಿಸ್ಕ್ ತುಂಬ ಸ್ಕ್ಯಾನ್001, ಸ್ಕ್ಯಾನ್002, ಸೈಡ್ ಎ, ಸೈಡ್ ಬಿ ಅಂತ ಫೈಲುಗಳು, ಯಾವುದು ಯಾವ ಪ್ರಸಂಗ ಅಂತ ನಮಗೇ ಗೊತ್ತಾಗ್ತಿಲ್ಲ. ಎಲ್ಲರಿಗೂ ಸಿಗೋ ಹಾಗೆ ನೆಟ್ಟಿಗೆ ಹಾಕೋ ಆಸೆ. ಹೆಸರು ಹೇಗೆ ಇಡೋದು? – ಹೊನ್ನಾವರದಿಂದ ಒಬ್ಬ ಓದುಗರು

ಉತ್ತರ: ಮೊದ್ಲು ನಿಮ್ಮಿಬ್ರಿಗೂ ದೊಡ್ಡ ನಮಸ್ಕಾರ, 64 ಕ್ಯಾಸೆಟ್ ಪೂರ್ತಿ ಓಡಿಸಿ ಇಳಿಸೋದು ಅಂದ್ರೆ ಎಷ್ಟು ಸಂಜೆಗಳ ಕೆಲ್ಸ ಅಂತ ನಂಗೊತ್ತು. ಆದ್ರೆ ಈಗ ಕಂಪ್ಯೂಟರ್ ಸ್ವಲ್ಪ ಪಕ್ಕಕ್ಕಿಡಿ. ನಿಮ್ಮಜ್ಜನ ಜೊತೆ ಕೂಟಕ್ಕೆ ಹೋಗ್ತಿದ್ದವ್ರು ಯಾರಾದ್ರೂ ಇದಾರಾ ನೋಡಿ, ಇದ್ರೆ ಈ ಭಾನುವಾರವೇ ಅವ್ರ ಮನೆಗೆ ಹೋಗಿ ಒಂದೊಂದೇ ಕ್ಯಾಸೆಟ್ಟಿನ ಮೊದಲ ಐದೈದು ನಿಮಿಷ ಕೇಳಿಸಿ. ಪದ್ಯ ಹಾಡಿದ ಭಾಗವತರು ಯಾರು, ಮದ್ದಲೆ ಯಾರದ್ದು, ಕೃಷ್ಣನ ಅರ್ಥ (ಆ ಪಾತ್ರದ ಮಾತು) ಹೇಳಿದ್ದು ಯಾರು, ಕೌರವ ಯಾರು, ಯಾವ ಊರಲ್ಲಿ ನಡೆದ ಕೂಟ, ಎಲ್ಲಾ ಕೇಳಿ ಬರ್ಕೊಳ್ಳಿ. ಹೆಸರಿಡೋ ನಿಯಮ ಮುಂದಿನ ವರ್ಷ ಬೇಕಾದ್ರೂ ಕಲೀಬಹುದು, ದನಿ ಕೇಳಿ ಗುರುತು ಹಿಡಿಯೋ ಹಿರಿಯರು ಮುಂದಿನ ವರ್ಷಕ್ಕೆ ಇರ್ತಾರೆ ಅಂತ ಹೇಳಕ್ಕಾಗಲ್ಲ.

ಹಾಗೆ ಬರ್ಕೊಂಡ ವಿವರಕ್ಕೇ ಮೆಟಾಡೇಟಾ ಅನ್ನೋದು. ವಸ್ತುವಿನ ಬಗ್ಗೆ ಇರೋ ಮಾಹಿತಿ, ಅಷ್ಟೇ. ಲೈಬ್ರರಿಯ ಮರದ ಡ್ರಾಯರಲ್ಲಿ ಕ್ಯಾಟಲಾಗ್ ಕಾರ್ಡ್ ಇರ್ತಿತ್ತಲ್ಲ, ಅದೂ ಇದೇ. ಆದ್ರೆ ಒಬ್ಬೊಬ್ರು ಒಂದೊಂದು ಥರ ಬರೆದ್ರೆ ಒಂದು ಕಡೆಯ ಕಂಪ್ಯೂಟರಿಗೆ ಇನ್ನೊಂದು ಕಡೆಯದು ಅರ್ಥ ಆಗಲ್ಲ, ಅದಕ್ಕೇ ಸ್ಟ್ಯಾಂಡರ್ಡ್ ಬೇಕಾಯ್ತು. ಲೈಬ್ರರಿಗಳಿಗೆ 1960ರ ದಶಕದಿಂದಲೇ ಮಾರ್ಕ್ ಅಂತ ಒಂದು ಪದ್ಧತಿ ಇದೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಲ್ಲಿ ಹುಟ್ಟಿದ್ದು, ತುಂಬ ಸೂಕ್ಷ್ಮವಾದದ್ದು, ಆದ್ರೆ ತರಬೇತಿ ಇಲ್ದೆ ಕೈ ಹಾಕೋದು ಕಷ್ಟ. ನಿಮಗೆ ಬೇಕಾಗಿರೋದು ಡಬ್ಲಿನ್ ಕೋರ್. ಹೆಸರು ಕೇಳಿ ಐರ್ಲೆಂಡಿನ ಡಬ್ಲಿನ್ ಅನ್ಕೋಬೇಡಿ, ಇದು ಅಮೆರಿಕದ ಒಹಾಯೋ ರಾಜ್ಯದ ಡಬ್ಲಿನ್ ಅನ್ನೋ ಊರು, 1995ರಲ್ಲಿ ಅಲ್ಲಿ ಲೈಬ್ರರಿಯವ್ರು, ಕಂಪ್ಯೂಟರಿನವ್ರು ಒಟ್ಟಿಗೆ ಕೂತು ಶುರು ಮಾಡಿದ್ದು. ಬಲ್ಲವರಲ್ಲದವ್ರೂ ತುಂಬಬಹುದಾದ 15 ಅಂಕಣ. 2003ರಲ್ಲಿ ಐಎಸ್ಓ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಸ್ಟ್ಯಾಂಡರ್ಡ್ ಕೂಡ ಆಯ್ತು. ಇದರಲ್ಲಿ ನಂಗೆ ಬಹಳ ಇಷ್ಟವಾದ ಮಾತು ಏನಂದ್ರೆ, ಯಾವ ಅಂಕಣವೂ ಕಡ್ಡಾಯ ಅಲ್ಲ, ಯಾವುದನ್ನ ಬೇಕಾದ್ರೂ ಎಷ್ಟು ಸಲ ಬೇಕಾದ್ರೂ ಬರೀಬಹುದು. ಗೊತ್ತಿಲ್ಲದ್ದನ್ನ ಊಹಿಸಿ ತುಂಬೋ ಅಗತ್ಯ ಇಲ್ಲ, ಖಾಲಿ ಬಿಡಿ.

ಈಗ ನಿಮ್ಮ ಕ್ಯಾಸೆಟ್ಟಿಗೆ ಬರೋಣ, ಇಲ್ಲೇ ಇರೋದು ಸೂಕ್ಷ್ಮ. ಕ್ರಿಯೇಟರ್ ಅಂತ ಒಂದು ಅಂಕಣ, ಕಾಂಟ್ರಿಬ್ಯೂಟರ್ ಅಂತ ಇನ್ನೊಂದು. ತಾಳಮದ್ದಲೆಗೆ ಕ್ರಿಯೇಟರ್ ಯಾರು? ಪದ್ಯ ಬರೆದ ಕವೀನಾ? ಪದ್ಯ ಪುಸ್ತಕದಲ್ಲಿದ್ದಿದ್ದೇ, ಆದ್ರೆ ಅರ್ಥ ಅನ್ನೋದು ಆ ರಾತ್ರಿ ಆ ಅರ್ಥಧಾರಿ ಬಾಯಲ್ಲೇ ಹುಟ್ಟಿದ್ದು, ಮರುದಿನ ಅದೇ ಪ್ರಸಂಗಕ್ಕೆ ಅವ್ರೇ ಬೇರೆ ಮಾತಾಡ್ತಿದ್ರು. ನಾನಾದ್ರೆ ಪ್ರಸಂಗಕರ್ತರ ಹೆಸರನ್ನ ಕ್ರಿಯೇಟರಲ್ಲಿ ಹಾಕಿ, ಭಾಗವತರು, ಮದ್ದಲೆ, ಚೆಂಡೆ, ಅರ್ಥಧಾರಿಗಳು ಎಲ್ಲರನ್ನೂ ಒಬ್ಬೊಬ್ಬರಿಗೆ ಒಂದೊಂದು ಕಾಂಟ್ರಿಬ್ಯೂಟರ್ ಅಂಕಣ ಅಂತ ಬರೀತೀನಿ, ಯಾವ ಪಾತ್ರ ಅನ್ನೋದನ್ನ ಡಿಸ್ಕ್ರಿಪ್ಷನಲ್ಲಿ ಬಿಡಿಸಿ ಹೇಳ್ತೀನಿ. ಅರ್ಥಧಾರಿಗಳನ್ನೇ ಕ್ರಿಯೇಟರ್ ಮಾಡ್ಬೇಕು ಅನ್ನೋವ್ರೂ ಇರ್ತಾರೆ, ಅದ್ರಲ್ಲೂ ನ್ಯಾಯ ಇದೆ. ಯಾವುದಾದ್ರೂ ಒಂದು ಹಿಡೀರಿ, 64ಕ್ಕೂ ಅದನ್ನೇ ಪಾಲಿಸಿ. ಒಂದು ಕೂಟ ನಾಲ್ಕು ಕ್ಯಾಸೆಟ್ಟಿಗೆ ಹರಡಿದ್ರೆ ಪ್ರತಿಯೊಂದರಲ್ಲೂ ರಿಲೇಶನ್ ಅಂಕಣದಲ್ಲಿ ಇದು ಇಂಥ ಕೂಟದ ಭಾಗ ಅಂತ ಬರೀರಿ, ಇಲ್ದಿದ್ರೆ ಕೇಳೋವ್ರಿಗೆ ಕೃಷ್ಣ ಸಂಧಾನದ ಕತೆ ಅರ್ಧಕ್ಕೇ ಮುರಿದು ಹೋಗತ್ತೆ.

ಹೆಸರಿನ ವಿಷಯ ಇನ್ನೂ ದೊಡ್ಡದು. ಯಕ್ಷಗಾನದ ಕವಿ ಒಬ್ರ ಹೆಸರು ಪಾರ್ತಿಸುಬ್ಬ ಅಂತ ಒಂದು ಪುಸ್ತಕದಲ್ಲಿರತ್ತೆ, ಪಾರ್ತಿ ಸುಬ್ಬ ಅಂತ ಜಾಗ ಬಿಟ್ಟು ಇನ್ನೊಂದರಲ್ಲಿ. ನಮಗೆ ಒಂದೇ, ಕಂಪ್ಯೂಟರಿಗೆ ಇಬ್ಬರು. ಕುವೆಂಪು ಅಂತ ಒಂದು ಕಡೆ ಕೆ.ವಿ. ಪುಟ್ಟಪ್ಪ ಅಂತ ಒಂದು ಕಡೆ, ಬೇಂದ್ರೆ ಅಂತ ಒಂದು ಕಡೆ ಅಂಬಿಕಾತನಯದತ್ತ ಅಂತ ಒಂದು ಕಡೆ ಇದ್ರೆ ಹೇಗೋ ಹಾಗೆ. ಅದಕ್ಕೆ ಒಂದು ಬೇರೆ ಶೀಟಲ್ಲಿ ಹೆಸರುಗಳ ಪಟ್ಟಿ ಮಾಡ್ಕೊಳ್ಳಿ, ನಾವು ಬಳಸೋ ರೂಪ ಇದು, ಬೇರೆ ರೂಪಗಳು ಇವು ಅಂತ. ಲೈಬ್ರರಿಯವ್ರು ಅಥಾರಿಟಿ ಫೈಲ್ ಅನ್ನೋದು ಇದನ್ನೇ. ತಾಳಮದ್ದಲೆಯೋ ತಾಳಮದ್ದಳೆಯೋ ಅನ್ನೋದನ್ನೂ ಇವತ್ತೇ ತೀರ್ಮಾನ ಮಾಡ್ಕೊಳ್ಳಿ.

ಹಳೇ ಪುಸ್ತಕಗಳ ಇಸವಿ. ಕೆಲವದ್ರಲ್ಲಿ ಬರೀ ಸಂವತ್ಸರದ ಹೆಸರಿರತ್ತೆ. ಕ್ರೋಧನ ಸಂವತ್ಸರ ಅಂತಿದ್ರೆ ಅದು 1925ನೂ ಆಗಬಹುದು 1985ನೂ ಆಗಬಹುದು, 60 ವರ್ಷಕ್ಕೊಮ್ಮೆ ಬರತ್ತಲ್ವಾ. ಪಕ್ಕದಲ್ಲಿ ಶಕ 1847 ಅಂತಲೂ ಇದ್ರೆ 78 ಕೂಡಿಸಿ, 1925. ಯುಗಾದಿಯಿಂದ ಯುಗಾದಿಗೆ ಲೆಕ್ಕ ಆಗಿರೋದ್ರಿಂದ ನಿಜವಾಗಿ 1925–26. ಡೇಟ್ ಅಂಕಣದಲ್ಲಿ 1925/1926 ಅಂತ ಹಾಕಿ, ಪುಸ್ತಕದಲ್ಲಿ ಹೇಗಿದ್ಯೋ ಹಾಗೇ ಡಿಸ್ಕ್ರಿಪ್ಷನಲ್ಲೂ ಬರೀರಿ. ಮತ್ತೆ ನೀವು ಸ್ಕ್ಯಾನ್ ಮಾಡಿದ ತಾರೀಕನ್ನ ದಯವಿಟ್ಟು ಪುಸ್ತಕದ ತಾರೀಕು ಅಂತ ಹಾಕ್ಬೇಡಿ, ಈ ಒಂದು ತಪ್ಪಿಂದ ನೂರು ವರ್ಷದ ಪುಸ್ತಕ ಮೊನ್ನೆ ಮೊನ್ನೆ ಬಂದಿದ್ದು ಅಂತ ತೋರ್ಸತ್ತೆ.

ಶೀರ್ಷಿಕೆ ಕನ್ನಡ ಲಿಪಿಯಲ್ಲೇ ಇರ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕೋವ್ರಿಗೆ ಅಂತ ಅದನ್ನ ಎರಡನೇ ಟೈಟಲ್ಲಾಗಿ ಸೇರಿಸಿ. ಒಂದು ಡಿಜಿಟಲ್ ಲೈಬ್ರರಿಯಲ್ಲಿ ಒಂದು ಪುಸ್ತಕಕ್ಕೆ ನಾನು ಎರಡು ದಿನ ಹುಡುಕಾಡಿದ್ದೆ, ಕೊನೆಗೆ ನೋಡಿದ್ರೆ ಯಾರೋ ಕನ್ನಡ ಓದಕ್ಕೆ ಬರದವ್ರು ಇಂಗ್ಲಿಷ್ ಅಕ್ಷರದಲ್ಲಿ ಹೇಗೋ ಟೈಪ್ ಮಾಡಿ ದೀರ್ಘ ಹ್ರಸ್ವ ಎಲ್ಲಾ ಹೋಗಿ ಬೇರೇನೇ ಹೆಸರಾಗಿತ್ತು. ಪುಸ್ತಕ ಅಲ್ಲೇ ಇತ್ತು, ಅಷ್ಟು ವರ್ಷ ಯಾರಿಗೂ ಇರ್ಲಿಲ್ಲ! ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗತ್ತೆ.

ಟೈಪ್ ಮಾಡೋದು ಯೂನಿಕೋಡಲ್ಲೇ (ಎಲ್ಲಾ ಕಂಪ್ಯೂಟರಿಗೂ ಒಂದೇ ಥರ ಅರ್ಥ ಆಗೋ ಅಕ್ಷರ ಸಂಕೇತ) ಇರ್ಬೇಕು, ನುಡಿ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಮಾಡಿದ್ರೆ ಬೇರೆಯವ್ರ ಸ್ಕ್ರೀನಲ್ಲಿ ವಿಚಿತ್ರ ಚಿಹ್ನೆ ಕಾಣತ್ತೆ, ಹುಡುಕಿದ್ರೆ ಸಿಗೋದೂ ಇಲ್ಲ. ಎಕ್ಸೆಲ್ಲಲ್ಲಿ ಸಾಲಿಗೊಂದು ಫೈಲಿನ ವಿವರ ತುಂಬ್ತಾ ಹೋಗಿ, ಆದ್ರೆ ಸೇವ್ ಮಾಡುವಾಗ ಬರೀ ಸಿಎಸ್‌ವಿ ಒತ್ತಬೇಡಿ, ಕನ್ನಡ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗ್ಬಿಡತ್ತೆ, ಸಿಎಸ್‌ವಿ ಯುಟಿಎಫ್-8 ಅಂತ ಬೇರೆ ಆಯ್ಕೆ ಇದೆ, ಅದನ್ನ ಒತ್ತಿ. ಭಾಷೆಯ ಅಂಕಣಕ್ಕೆ ಕನ್ನಡದ ಕೋಡ್ ಮೂರಕ್ಷರದ್ದು, ಕೆ ಎ ಎನ್. ಇಂಟರ್ನೆಟ್ ಆರ್ಕೈವ್ ಅನ್ನೋ ಉಚಿತ ಆನ್‌ಲೈನ್ ಭಂಡಾರಕ್ಕೆ ಹಾಕೋದಾದ್ರೆ ಅಲ್ಲಿ ಐಡೆಂಟಿಫೈಯರ್ ಕೇಳತ್ತೆ, ವೆಬ್ ವಿಳಾಸದಲ್ಲಿ ಬರೋದು ಅದೇ, ಆಮೇಲೆ ನೀವೇ ಬದಲಾಯಿಸಕ್ಕೆ ಬರಲ್ಲ. ಅದನ್ನ ಮಾತ್ರ ಮೊದ್ಲೇ ಯೋಚ್ಸಿ ಕೊಡಿ, ಉಳಿದದ್ದು ಯಾವಾಗ ಬೇಕಾದ್ರೂ ತಿದ್ದಬಹುದು.

ರೈಟ್ಸ್ ಅಂಕಣ ಮರೀಬೇಡಿ. ಕವಿ ತೀರ್ಕೊಂಡು 60 ವರ್ಷ ಕಳೆದಿದ್ರೆ ಪದ್ಯಕ್ಕೆ ತೊಂದರೆ ಇಲ್ಲ, ಆದ್ರೆ ಕ್ಯಾಸೆಟ್ಟಲ್ಲಿ ಹಾಡಿದವ್ರಿಗೆ, ಅರ್ಥ ಹೇಳಿದವ್ರಿಗೆ ನಮ್ಮ ಕಾನೂನಲ್ಲಿ 50 ವರ್ಷದ ತನಕ ಪ್ರದರ್ಶನಕಾರರ ಹಕ್ಕಿದೆ. ಅವ್ರನ್ನೋ ಅವ್ರ ಮನೆಯವ್ರನ್ನೋ ಒಂದು ಮಾತು ಕೇಳಿ ಹಾಕಿ, ಹೇಗೂ ಹೆಸರು ಬರ್ಕೊಳ್ಳಕ್ಕೆ ಹೋಗ್ತೀರಲ್ಲ.

ಪ್ರಶ್ನೆ: ಮಗಳ ಮದುವೆ ಫೋಟೋ ಎಲ್ರೂ ವಾಟ್ಸಾಪಲ್ಲಿ ಕಳ್ಸಿದ್ರು. ಫೋನಲ್ಲಿ ನೋಡಿದ್ರೆ ಎಲ್ಲಾ ಫೋಟೋಗೂ ಅದು ಬಂದ ದಿನದ ತಾರೀಕೇ ತೋರಿಸ್ತಿದೆ. ತೆಗೆದ ದಿನ ಎಲ್ಲಿ ಹೋಯ್ತು? – ದಾವಣಗೆರೆಯ ಓದುಗರು

ಉತ್ತರ: ಫೋಟೋ ತೆಗೆದಾಗ ಕ್ಯಾಮೆರಾ ತಾನಾಗೇ ತಾರೀಕು, ಟೈಮು, ಲೊಕೇಶನ್ ಆನ್ ಇದ್ರೆ ಜಾಗವನ್ನೂ ಫೈಲಿನ ಒಳಗೇ ಬರೆದಿಡತ್ತೆ, ಅದಕ್ಕೆ ಎಕ್ಸಿಫ್ ಅಂತಾರೆ. ವಾಟ್ಸಾಪ್ ಫೋಟೋನ ಚಿಕ್ಕದು ಮಾಡುವಾಗ ಅದನ್ನ ತೆಗೆದುಬಿಡತ್ತೆ, ನಿಮಗೆ ಬಂದ ಪ್ರತಿಯಲ್ಲಿ ಅದು ಇಲ್ವೇ ಇಲ್ಲ. ಕಳ್ಸಿದವ್ರ ಫೋನಲ್ಲಿ ಮೂಲ ಇರತ್ತೆ, ಡಾಕ್ಯುಮೆಂಟ್ ಅಂತ ಆರಿಸಿ ಮತ್ತೆ ಕಳ್ಸಿ ಅನ್ನಿ, ಆಗ ಉಳಿಯತ್ತೆ. ಆದ್ರೆ ಮನೆ ಒಳಗೆ ತೆಗೆದ ಫೋಟೋಗಳನ್ನ ಹಾಗೇ ಅಪರಿಚಿತರಿಗೆ ಕಳಿಸ್ಬೇಡಿ, ಮನೆ ಎಲ್ಲಿದೆ ಅನ್ನೋದೂ ಜೊತೆಗೇ ಹೋಗತ್ತೆ.

ಪ್ರಶ್ನೆ: ಓಸಿಆರ್ (ಸ್ಕ್ಯಾನಿನ ಚಿತ್ರದಿಂದ ಕಂಪ್ಯೂಟರೇ ಅಕ್ಷರ ಓದೋದು) ಮಾಡಿದ್ರೆ ಪುಸ್ತಕದ ಪ್ರತಿ ಪದವೂ ಹುಡುಕಕ್ಕೆ ಸಿಗತ್ತಲ್ಲ, ಗೂಗಲ್ ಬೇರೆ ಇದೆ. ಈ ಅಂಕಣ ತುಂಬೋ ಕೆಲಸ ಇನ್ನೂ ಯಾಕೆ ಮೇಡಂ? – ಮೈಸೂರು, ಲೈಬ್ರರಿ ಸೈನ್ಸ್ ವಿದ್ಯಾರ್ಥಿನಿ

ಉತ್ತರ: ಓಸಿಆರ್ ಮಾಡಿ, ಬೇಡ ಅನ್ನಲ್ಲ. ಆದ್ರೆ ಅಚ್ಚುಮೊಳೆಯ ಹಳೇ ಪುಸ್ತಕದಲ್ಲಿ ಒತ್ತಕ್ಷರ ಸವೆದಿರತ್ತೆ, ಓಸಿಆರ್ ಎಡವೋದು ಅಲ್ಲೇ. ಹೋಗ್ಲಿ, ಪೂರ್ತಿ ಸರಿಯಾಗಿ ಓದ್ತು ಅಂತಾನೇ ಇಟ್ಕೊಳ್ಳಿ, ಕೃಷ್ಣ ಅಂತ ಹುಡುಕಿದ್ರೆ ಕೃಷ್ಣನ ಬಗ್ಗೆ ಬರೆದದ್ದು, ಕೃಷ್ಣ ಅನ್ನೋವ್ರು ಬರೆದದ್ದು, ಕೃಷ್ಣಾ ನದಿ ಎಲ್ಲಾ ಒಟ್ಟಿಗೆ ಬಂದು ಬೀಳತ್ತೆ. ಯಾವ ಮಾತು ಕರ್ತೃ, ಯಾವುದು ವಿಷಯ, ಯಾವುದು ಜಾಗ ಅಂತ ಹೇಳೋದು ಅಂಕಣವೇ.

ನಮ್ಮ ದೇಶದ ಲೈಬ್ರರಿ ಸೈನ್ಸಿನ ಪಿತಾಮಹ ಎಸ್.ಆರ್. ರಂಗನಾಥನ್ ಅವ್ರನ್ನ ನೀವು ಓದಿರ್ತೀರಿ. 1931ರಲ್ಲೇ ಓದುಗರ ಸಮಯ ಉಳಿಸಿ ಅಂತ ತಮ್ಮ ಐದು ಲೈಬ್ರರಿ ಸೂತ್ರಗಳ ನಾಲ್ಕನೇದ್ರಲ್ಲಿ ಹೇಳಿದವ್ರು, 1962ರಲ್ಲಿ ಬೆಂಗಳೂರಲ್ಲಿ ಡಿಆರ್‌ಟಿಸಿ ಅನ್ನೋ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿದವ್ರು. ಒಂದು ವಿಷಯವನ್ನ ಒಂದೇ ಗೂಡಿಗೆ ತುರುಕಬೇಡಿ, ಅದರ ಮುಖಗಳನ್ನ ಬಿಡಿಸಿ ಅಂದ್ರಲ್ಲ, ಮೇಲಿನ ಹೊನ್ನಾವರದ ಕ್ಯಾಸೆಟ್ಟಿಗೇ ಅದನ್ನ ಹಚ್ಚಿ ನೋಡಿ: ತಾಳಮದ್ದಲೆ, ಮಹಾಭಾರತ, ಬಡಗುತಿಟ್ಟು (ಯಕ್ಷಗಾನದ ಉತ್ತರದ ಶೈಲಿ), ಉತ್ತರ ಕನ್ನಡ, 1980ರ ದಶಕ. ಯಾವ ಬಾಗಿಲಿಂದ ಬಂದ್ರೂ ಸಿಗತ್ತೆ.

ಒಂದು ಮಾತು ಒಪ್ಕೋತೀನಿ, ವಿವರ ಬರೆಯೋವ್ರೇ ಮೋಸ ಮಾಡಿದ್ರೆ ಇದೂ ಕೆಡತ್ತೆ. ವೆಬ್‌ಸೈಟಿನವ್ರು ಪುಟದ ಒಳಗೆ ವಿಷಯದ ಪದಗಳನ್ನ ಬರೆಯೋ ಕೀವರ್ಡ್ ಟ್ಯಾಗಲ್ಲಿ ಸಿಕ್ಕಿದ್ದೆಲ್ಲಾ ತುಂಬ್ಸಿ ತುಂಬ್ಸಿ, ಕೊನೆಗೆ ಅದನ್ನ ನಾವು ಲೆಕ್ಕಕ್ಕೇ ತಗೊಳ್ಳಲ್ಲ ಅಂತ ಗೂಗಲ್ 2009ರಲ್ಲಿ ಹೇಳಿಬಿಡ್ತು. ಆದ್ರೆ ಅದೇ ಗೂಗಲ್, ಯಾಹೂ, ಬಿಂಗ್ ಸೇರಿ 2011ರಲ್ಲಿ ಸ್ಕೀಮಾ ಡಾಟ್ ಆರ್ಗ್ ಅನ್ನೋ ವೆಬ್ ಪುಟಗಳಿಗೆ ವಿವರ ಬರೆಯೋ ಪದ್ಧತಿ ಶುರು ಮಾಡಿದ್ರು, ಅಲ್ಲೂ ಪುಸ್ತಕಕ್ಕೆ ಲೇಖಕ, ಪ್ರಕಾಶಕ, ಭಾಷೆ ಅಂತ ಅಂಕಣಗಳೇ. ಲೈಬ್ರರಿಗಳ ಕಡೆ 2001ರಿಂದ ಓಎಐ-ಪಿಎಂಎಚ್ ಅನ್ನೋ ವ್ಯವಸ್ಥೆ ಇದೆ, ಒಂದು ಭಂಡಾರದ ವಿವರಗಳನ್ನ ಇನ್ನೊಂದು ಕಡೆಯ ಕಂಪ್ಯೂಟರ್ ತಾನೇ ಬಂದು ತಗೊಂಡು ಹೋಗತ್ತೆ, ಅದಕ್ಕೆ ಕನಿಷ್ಠ ಡಬ್ಲಿನ್ ಕೋರಲ್ಲಿ ಕೊಡ್ಲೇಬೇಕು ಅಂತ ನಿಯಮ. ನಿಮ್ಮ ಕಾಲೇಜಲ್ಲಿ ಡಿಸ್ಪೇಸ್ ಅನ್ನೋ ಡಿಜಿಟಲ್ ಭಂಡಾರದ ಸಾಫ್ಟ್‌ವೇರ್ ಇದ್ರೆ ಅದ್ರಲ್ಲಿ ಈ ಸೌಲಭ್ಯ ಇದೆ, ಹತ್ತು ಕನ್ನಡ ಪುಸ್ತಕ ನೀವೇ ಹಾಕಿ, ಆಮೇಲೆ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹುಡುಕಿ ನೋಡಿ. ಯಾವುದು ಸಿಗ್ಲಿಲ್ಲ, ಯಾಕೆ ಸಿಗ್ಲಿಲ್ಲ ಅಂತ ನಂಗೆ ಬರೆದು ಕಳ್ಸಿ.